ಪರದೆಯ ಮೇಲಿನ ತಿಂಗಳು, ದವಡೆಯೊಳಗಿನ ತಿಂಗಳು

ತಮಿಳುನಾಡಿನ ಕಾಂಗೇಯಂ ಸೀಮೆಯಲ್ಲಿ ಹಲ್ಲಿನ ಲೆಕ್ಕ ಬಹಳ ಹಳೆಯದು. ಚಿತ್ತಿರೈ ತಿಂಗಳಲ್ಲಿ ಕಣ್ಣಪುರದ ಮಾರಿಯಮ್ಮನ ತೇರಿನ ಹೊತ್ತಿಗೆ ಸೇರುವ ದನದ ಜಾತ್ರೆಯಲ್ಲಿ, ಹೋರಿಯ ಮೈಬಣ್ಣ, ಕೊಂಬು, ಹಿಣಿಲು ನೋಡಿ ಮೆಚ್ಚಿದವನು ಬೆಲೆ ಕೇಳುವ ಮೊದಲು ಅದರ ಮೂತಿ ಹಿಡಿದು ಕೆಳತುಟಿ ಮಡಚುತ್ತಾನೆ. ಹಾಲುಹಲ್ಲು ಬಿದ್ದು ಎರಡು ಹಲ್ಲು ಬಂದಿದ್ದರೆ ವಯಸ್ಸು ಎರಡು ವರ್ಷದ ಆಸುಪಾಸು. ನಾಲ್ಕಿದ್ದರೆ ಇನ್ನೊಂದಷ್ಟು ತಿಂಗಳು ಹೆಚ್ಚು. ಎಂಟೂ ಬಂದು ಬಾಯಿಗೂಡಿದ್ದರೆ ನಾಲ್ಕರ ಹತ್ತಿರ. ನಮ್ಮ ಘಾಟಿ ಸುಬ್ರಹ್ಮಣ್ಯದ ಜಾತ್ರೆಯಲ್ಲಿ ಹಳ್ಳಿಕಾರ್ ಕೊಳ್ಳುವವರು ಮಾಡುವುದೂ ಇದನ್ನೇ. ಹಲ್ಲು ಹುಟ್ಟುವುದಕ್ಕೆ ಪ್ರಕೃತಿ ಒಂದು ವೇಳಾಪಟ್ಟಿ ಕೊಟ್ಟಿದೆ, ಅದನ್ನು ನಂಬಿ ದುಡ್ಡು ಕೈಬದಲಾಗುತ್ತದೆ. ಹುಟ್ಟಿ ಬೇರೂರಿದ ಹಲ್ಲನ್ನು ಇದ್ದ ಜಾಗದಿಂದ ಸರಿಸುವುದಕ್ಕೆ ಮಾತ್ರ ಅಂಥ ವೇಳಾಪಟ್ಟಿ ಇಲ್ಲ. ಇದ್ದಂತೆ ತೋರಿಸುವುದು ಕಂಪ್ಯೂಟರ್.

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ಮನೆಮಾತು ಕನ್ನಡವೇ ಆಗಿರುವ ದೇವಾಂಗ, ಒಕ್ಕಲಿಗ ಮನೆಗಳು ಬಹಳ ಇವೆ. ಅಲ್ಲಿಯಾಗಲಿ, ಬೆಂಗಳೂರು ಮೈಸೂರುಗಳಲ್ಲಾಗಲಿ, ಹಲ್ಲಿಗೆ ಪಾರದರ್ಶಕ ಅಲೈನರ್ ಹಾಕಿಸಿಕೊಂಡವರ ದೂರು ಒಂದೇ ಧಾಟಿಯದು: "ಹದಿನಾಲ್ಕು ತಿಂಗಳಲ್ಲಿ ಮುಗಿಯುತ್ತೆ ಅಂದಿದ್ರು, ಎರಡು ವರ್ಷ ಆಯ್ತು, ಈಗ ಇನ್ನೊಂದು ಸೆಟ್ ಟ್ರೇ ಬರಬೇಕು ಅಂತಿದ್ದಾರೆ." ಡಾಕ್ಟರಿಗೆ ಕೆಲಸ ಬರುವುದಿಲ್ಲವೆಂದೋ, ದುಡ್ಡು ಕೀಳಲು ಎಳೆಯುತ್ತಿದ್ದಾರೆಂದೋ ಅನುಮಾನ ಶುರುವಾಗುತ್ತದೆ. ಡಾಕ್ಟರ ಕಡೆಯಿಂದ ಬರುವ ಉತ್ತರವೂ ಸಿದ್ಧವಾಗಿರುತ್ತದೆ: "ನೀವು ಸರಿಯಾಗಿ ಹಾಕಿಕೊಂಡಿಲ್ಲ." ಎರಡರಲ್ಲೂ ಒಂದಿಷ್ಟು ನಿಜ ಇರಬಹುದು. ಆದರೆ ತಡವಾಗುವುದಕ್ಕೆ ಇರುವ ಕಾರಣಗಳಲ್ಲಿ ಅರ್ಧಕ್ಕರ್ಧ ಈ ಎರಡು ಮಾತಿನ ಆಚೆಗಿವೆ.

ಅಲೈನರ್ ಎಂದರೆ ಹಲ್ಲಿನ ಸಾಲಿನ ಮೇಲೆ ಬಿಗಿಯಾಗಿ ಕೂರುವ ತೆಳು ಪ್ಲಾಸ್ಟಿಕ್ ಕವಚ. ಟ್ರೇ ಎನ್ನುವುದೂ ಇದನ್ನೇ. ದಪ್ಪ ಮುಕ್ಕಾಲು ಮಿಲಿಮೀಟರಿನಷ್ಟು. ಹಲ್ಲು ಈಗ ಎಲ್ಲಿದೆಯೋ ಅದಕ್ಕಿಂತ ಒಂದು ಕೂದಲಿನಷ್ಟು ಆಚೆಗೆ ಇದ್ದರೆ ಹೇಗೋ ಹಾಗೆ ಅದನ್ನು ಅಚ್ಚು ಹಾಕಿರುತ್ತಾರೆ. ಬಾಯಿಗೆ ಹಾಕಿದಾಗ ಪ್ಲಾಸ್ಟಿಕ್ ಬಾಗುತ್ತದೆ, ಬಾಗಿದ್ದು ನೆಟ್ಟಗಾಗಲು ಹಲ್ಲನ್ನು ನೂಕುತ್ತದೆ. ಒಂದು ಟ್ರೇ ಒಂದು ಹಲ್ಲನ್ನು ಹೆಚ್ಚೆಂದರೆ ಕಾಲು ಮಿಲಿಮೀಟರ್ ಸರಿಸುವಂತೆ ಲೆಕ್ಕ ಹಾಕಿರುತ್ತಾರೆ. ಹೀಗೆ ಇಪ್ಪತ್ತೋ ನಲವತ್ತೋ ಟ್ರೇಗಳ ಸರಣಿ. ಒಂದಾದ ಮೇಲೆ ಒಂದು ಅಚ್ಚು ಹಾಕಿ ಹಲ್ಲನ್ನು ಹಂತಹಂತವಾಗಿ ಸರಿಸಬಹುದೆಂಬ ಯೋಚನೆ ಅಮೆರಿಕದ ಹೆರಾಲ್ಡ್ ಕೆಸ್ಲಿಂಗ್ ಎಂಬ ವೈದ್ಯರಿಗೆ 1940ರ ದಶಕದಲ್ಲೇ ಬಂದಿತ್ತು. ಆದರೆ ಪ್ರತಿ ಹಂತಕ್ಕೂ ಮೇಣದಲ್ಲಿ ಕೈಯಿಂದ ಹಲ್ಲು ಜೋಡಿಸಬೇಕಿತ್ತು. ಆ ಕೆಲಸವನ್ನು ಕಂಪ್ಯೂಟರಿಗೆ ಒಪ್ಪಿಸಿ ವ್ಯಾಪಾರ ಮಾಡಿದ್ದು 1997ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಅಲೈನ್ ಟೆಕ್ನಾಲಜಿ ಕಂಪನಿ. ಅದರ ಇನ್ವಿಸಲೈನ್‌ಗೆ 1998ರಲ್ಲಿ ಅಲ್ಲಿನ ಸರ್ಕಾರದ ಅನುಮತಿ ಸಿಕ್ಕಿತು. ಈಗ ಭಾರತದಲ್ಲೇ ಅಲೈನರ್ ತಯಾರಿಸುವ ಕಂಪನಿಗಳು ಹಲವು ಇವೆ.

ವಾಯಿದೆಯ ಗೊಂದಲ ಶುರುವಾಗುವುದು ಇಲ್ಲಿಂದಲೇ. ಬಾಯಿ ಸ್ಕ್ಯಾನ್ ಆದ ಮೇಲೆ ಪರದೆಯ ಮೇಲೆ ಒಂದು ಸೊಗಸಾದ ಚಿತ್ರ ಓಡುತ್ತದೆ. ಸೊಟ್ಟ ಹಲ್ಲುಗಳು ಒಂದೊಂದಾಗಿ ತಿರುಗಿ, ಸರಿದು, ಸಾಲುಗಟ್ಟಿ ನಿಲ್ಲುತ್ತವೆ. ಕೆಳಗೆ ಟ್ರೇಗಳ ಸಂಖ್ಯೆ ಇರುತ್ತದೆ. 30 ಟ್ರೇ, ಎರಡು ವಾರಕ್ಕೊಂದು, ಅಂದರೆ 60 ವಾರ, ಹದಿನಾಲ್ಕು ತಿಂಗಳು. ಲೆಕ್ಕ ಸರಿಯೇ. ಆದರೆ ಅದು ಪ್ಲಾಸ್ಟಿಕ್ಕಿನ ಲೆಕ್ಕ. ಆ ಚಿತ್ರದಲ್ಲಿ ಹಲ್ಲು ಸರಿಯುವುದು ಯಾವ ತಡೆಯೂ ಇಲ್ಲದೆ. ಮೂಳೆಯ ಗಡಸು, ಬೇರಿನ ಉದ್ದ, ನಾಲಿಗೆ ತಳ್ಳುವ ಅಭ್ಯಾಸ, ರಾತ್ರಿ ಹಲ್ಲು ಕಡಿಯುವ ರೂಢಿ, ಮಧ್ಯಾಹ್ನದ ಟೀ, ಇವು ಯಾವುವೂ ಅದರೊಳಗಿಲ್ಲ.

ಬಾಯೊಳಗೆ ನಡೆಯುವುದೇ ಬೇರೆ. ಹಲ್ಲಿನ ಬೇರಿಗೂ ದವಡೆಯ ಮೂಳೆಗೂ ನಡುವೆ ಸುಮಾರು 0.2 ಮಿ.ಮೀ. ದಪ್ಪದ ನಾರಿನ ಪದರವಿದೆ. ಟ್ರೇ ನೂಕಿದಾಗ ಒಂದು ಬದಿಯಲ್ಲಿ ಈ ಪದರ ಅದುಮಿಕೊಳ್ಳುತ್ತದೆ, ಇನ್ನೊಂದು ಬದಿಯಲ್ಲಿ ಹಿಗ್ಗುತ್ತದೆ. ಅದುಮಿದ ಕಡೆ ಮೂಳೆ ತಿನ್ನುವ ಜೀವಕೋಶಗಳು ಬಂದು ಜಾಗ ಮಾಡಿಕೊಡುತ್ತವೆ, ಹಿಗ್ಗಿದ ಕಡೆ ಮೂಳೆ ಕಟ್ಟುವ ಕೋಶಗಳು ಹೊಸ ಮೂಳೆ ತುಂಬುತ್ತವೆ. ಹಲ್ಲು ಸರಿಯುವುದೆಂದರೆ ದವಡೆಯ ಮೂಳೆ ಕರಗಿ ಮತ್ತೆ ಕಟ್ಟಿಕೊಳ್ಳುವುದು. ಇದಕ್ಕೆ ಅವಸರವಿಲ್ಲ. ಎಲ್ಲ ಸರಿಯಿದ್ದರೂ ತಿಂಗಳಿಗೆ ಒಂದು ಮಿಲಿಮೀಟರಿನ ಆಸುಪಾಸು, ಅಷ್ಟೇ.

ಹಾಗಾದರೆ ಜೋರಾಗಿ ನೂಕಿದರೆ ಬೇಗ ಸರಿಯುವುದಿಲ್ಲವೇ? ಇಲ್ಲ, ಇನ್ನೂ ನಿಧಾನವಾಗುತ್ತದೆ. ಸ್ವೀಡನ್ನಿನ ಕಾರ್ಲ್ ಸ್ಯಾಂಡ್‌ಸ್ಟೆಡ್ 1904ರ ಸುಮಾರಿಗೆ ನಾಯಿಗಳ ಹಲ್ಲಿನ ಮೇಲೆ ಪ್ರಯೋಗ ಮಾಡಿ ತೋರಿಸಿದ ಸಂಗತಿ ಇದು. ಒತ್ತಡ ಮಿತಿ ಮೀರಿದರೆ ನಾರಿನ ಪದರದ ರಕ್ತನಾಳಗಳು ಮುಚ್ಚಿಹೋಗಿ ಅಷ್ಟು ಭಾಗ ಸಾಯುತ್ತದೆ. ಆ ಸತ್ತ ಭಾಗವನ್ನು ದೇಹ ಹಿಂಬದಿಯಿಂದ ಕೊರೆದು ತೆಗೆಯುವವರೆಗೆ ವಾರಗಟ್ಟಲೆ ಹಲ್ಲು ನಿಂತಲ್ಲೇ ನಿಲ್ಲುತ್ತದೆ. ಒತ್ತಡ ಹೆಚ್ಚಾದಷ್ಟೂ ಹಲ್ಲಿನ ಬೇರಿನ ತುದಿಯೇ ಸವೆಯುವ ಅಪಾಯವೂ ಇದೆ. "ಮದುವೆ ಹತ್ತಿರ ಬಂತು" ಎಂದು ಎರಡು ಟ್ರೇ ಬಿಟ್ಟು ಮೂರನೆಯದಕ್ಕೆ ಹಾರಿದವರಿಗೆ ಲಾಭವಾಗದೆ ನಷ್ಟವಾಗುವುದು ಇದಕ್ಕೇ. ಬೇಗ ಮುಗಿಸಿಕೊಡುತ್ತದೆಂದು ಮಾರುವ ಕಂಪಿಸುವ ಉಪಕರಣಗಳನ್ನು ಒರೆಗೆ ಹಚ್ಚಿದ ಪ್ರಯೋಗಗಳಲ್ಲೂ ಹೇಳಿಕೊಳ್ಳುವಂಥ ವೇಗವೇನೂ ಸಿಕ್ಕಿಲ್ಲ.

ಪರದೆಯ ಮೇಲೆ ತೋರಿಸಿದ್ದರಲ್ಲಿ ಬಾಯಿಯಲ್ಲಿ ನಿಜವಾಗಿ ಆಗುವುದೆಷ್ಟು? ಇದನ್ನು ಅಳೆದಿದ್ದಾರೆ. ಅಮೆರಿಕದ ನೀಲ್ ಕ್ರಾವಿಟ್ಜ್ ಮತ್ತು ಸಂಗಡಿಗರು 2009ರಲ್ಲಿ 37 ರೋಗಿಗಳ ಮುಂಬದಿಯ ಹಲ್ಲುಗಳನ್ನು ಪರೀಕ್ಷಿಸಿದಾಗ, ಯೋಜಿಸಿದ ಚಲನೆಯಲ್ಲಿ ಸರಾಸರಿ ಶೇ. 41ರಷ್ಟು ಮಾತ್ರ ಆಗಿತ್ತು. ಹಲ್ಲನ್ನು ವಸಡಿನಿಂದ ಹೊರಕ್ಕೆ ಎಳೆಯುವ ಚಲನೆಯಲ್ಲಂತೂ ಶೇ. 30 ಕೂಡ ದಾಟಿರಲಿಲ್ಲ. ಪ್ಲಾಸ್ಟಿಕ್, ತಂತ್ರಾಂಶ ಎಲ್ಲ ಸುಧಾರಿಸಿದ ಮೇಲೆ 2020ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಸರಾಸರಿ ಶೇ. 50ಕ್ಕೆ ಏರಿತು. ಅಂದರೆ ಮೊದಲ ಸರಣಿಯ ಟ್ರೇಗಳು ಮುಗಿದಾಗ, ಪರದೆ ತೋರಿಸಿದ ದಾರಿಯಲ್ಲಿ ಹಲ್ಲು ಸುಮಾರು ಅರ್ಧ ಸಾಗಿರುತ್ತದೆ. ಇದು ಸರಾಸರಿ. ಸರಳ ಕೇಸಿನಲ್ಲಿ ಇದಕ್ಕಿಂತ ಚೆನ್ನಾಗಿ, ಜಟಿಲ ಕೇಸಿನಲ್ಲಿ ಇದಕ್ಕಿಂತ ಕಡಿಮೆ. ಅನುಭವಸ್ಥ ಡಾಕ್ಟರು ಇದನ್ನು ಬಲ್ಲರು. ಅದಕ್ಕೇ ಬೇಕಾದದ್ದಕ್ಕಿಂತ ಒಂದಿಷ್ಟು ಹೆಚ್ಚೇ ಚಲನೆಯನ್ನು ಯೋಜನೆಯಲ್ಲಿ ಸೇರಿಸಿರುತ್ತಾರೆ. ಆಮೇಲೂ ಉಳಿದ ಕೊರತೆ ತುಂಬಲು ಮತ್ತೆ ಸ್ಕ್ಯಾನ್ ಮಾಡಿ ಹೊಸ ಟ್ರೇ ತರಿಸುತ್ತಾರೆ. ಕ್ಲಿನಿಕ್ಕಿನ ಭಾಷೆಯಲ್ಲಿ ಇದಕ್ಕೆ ರಿಫೈನ್‌ಮೆಂಟ್ ಎನ್ನುತ್ತಾರೆ. ಒಂದಾದರೂ ರಿಫೈನ್‌ಮೆಂಟ್ ಬೇಕಾಗುವುದು ಅಪವಾದವಲ್ಲ, ವಾಡಿಕೆ. ಸ್ಕ್ಯಾನ್, ಹೊಸ ಯೋಜನೆ, ಒಪ್ಪಿಗೆ, ತಯಾರಿಕೆ, ಕೊರಿಯರ್ ಎಂದು ಕೆಲವು ವಾರ ಕಾಯುವುದು ಬೇರೆ. ಅಷ್ಟು ದಿನ ಕೊನೆಯ ಟ್ರೇಯನ್ನೇ ಹಾಕಿಕೊಂಡಿರಬೇಕು.

ಎಲ್ಲ ಹಲ್ಲೂ ಒಂದೇ ಥರ ಮಾತು ಕೇಳುವುದಿಲ್ಲ. ಮೇಲಿನ ಸಾಲಿನ ನಡುವಿನ ಎರಡು ದೊಡ್ಡ ಬಾಚಿಹಲ್ಲುಗಳ ಪಕ್ಕದಲ್ಲಿ ಚಿಕ್ಕವೆರಡು ಇರುತ್ತವಲ್ಲ, ಅವೇ ಹೆಚ್ಚಾಗಿ ಹಿಂದೆ ಬೀಳುವುದು. ಹಿಡಿತಕ್ಕೆ ಅಲ್ಲಿ ಜಾಗ ಕಡಿಮೆ. ಕೋರೆಹಲ್ಲಿನ ಬೇರು ಉದ್ದ. ಕೋರೆಯ ಹಿಂದಿನ ಹಲ್ಲು ದುಂಡಗೆ, ಅದನ್ನು ತಿರುಗಿಸಲು ಹೋದರೆ ಟ್ರೇ ಅದರ ಮೇಲೆ ಜಾರುತ್ತದೆ. ಅದಕ್ಕಾಗಿ ಹಲ್ಲಿನ ಬಣ್ಣದ ಚಿಕ್ಕ ಗುಬುಟುಗಳನ್ನು ಹಲ್ಲಿಗೆ ಅಂಟಿಸುತ್ತಾರೆ. ಹಲ್ಲು ಟ್ರೇಯ ಜೊತೆ ಬರುತ್ತಿಲ್ಲವೆಂಬುದು ಕನ್ನಡಿಯಲ್ಲೇ ಕಾಣುತ್ತದೆ. ಬೆಳಕಿಗೆ ನಿಂತು ತುಟಿ ಎತ್ತಿ ನೋಡಿ: ಹಲ್ಲಿನ ಅಂಚಿಗೂ ಪ್ಲಾಸ್ಟಿಕ್ಕಿಗೂ ನಡುವೆ ತೆಳ್ಳಗೆ ಖಾಲಿ ಗಾಳಿಗೆರೆ ಕಂಡರೆ, ಎಂಜಲಿನ ಗುಳ್ಳೆ ಅಲ್ಲೇ ಓಡಾಡುತ್ತಿದ್ದರೆ, ಆ ಹಲ್ಲು ಹಿಂದೆ ಬಿದ್ದಿದೆ. ಮುಂದಿನ ಟ್ರೇಗೆ ಹೋದರೆ ಗೆರೆ ಇನ್ನೂ ಅಗಲವಾಗುತ್ತದೆ. ಅಲ್ಲೇ ನಿಂತು ಡಾಕ್ಟರಿಗೆ ತಿಳಿಸಿದರೆ ಒಂದೆರಡು ವಾರದ ನಷ್ಟ, ತಿಳಿಸದೆ ಮುಂದೆ ಹೋದರೆ ಕೆಲವು ತಿಂಗಳ ನಷ್ಟ.

ಇನ್ನು ಗಂಟೆಗಳ ಮಾತು. ದಿನಕ್ಕೆ 20ರಿಂದ 22 ಗಂಟೆ ಹಾಕಬೇಕೆನ್ನುವುದು ಸುಮ್ಮನೆ ಹೆದರಿಸಲು ಹೇಳುವ ಮಾತಲ್ಲ. ಒತ್ತಡ ಬಿದ್ದು ಸುಮಾರು 4 ಗಂಟೆ ಸತತವಾಗಿ ನಿಂತ ಮೇಲಷ್ಟೇ ಮೂಳೆ ಕರಗಿಸುವ ರಾಸಾಯನಿಕ ಸಂಕೇತಗಳು ಏಳುತ್ತವೆ. ಆಗಾಗ ತೆಗೆದು ಇಟ್ಟರೆ ಎದ್ದ ಸಂಕೇತ ಅಡಗುತ್ತದೆ, ಹಲ್ಲು ಹಿಂದಿನ ಜಾಗಕ್ಕೇ ವಾಲುತ್ತದೆ.

ತಿರುಪ್ಪೂರಿನ ಬನಿಯನ್ ಕಂಪನಿಯೊಂದರಲ್ಲಿ ಕೆಲಸ ಮಾಡುವವರ ಒಂದು ದಿನ ತೆಗೆದುಕೊಳ್ಳಿ. ಬೆಳಗಿನ ತಿಂಡಿ ಕಾಫಿಗೆ ಅರ್ಧ ಗಂಟೆ, 11ರ ಟೀಗೆ ಕಾಲು ಗಂಟೆ, ಒಂದೂವರೆಯ ಊಟಕ್ಕೆ 40 ನಿಮಿಷ, 4ಕ್ಕೆ ಟೀ ಬಜ್ಜಿಗೆ 20 ನಿಮಿಷ, ಆರೂವರೆಗೆ ಮತ್ತೊಂದು ಟೀ ಕಾಲು ಗಂಟೆ, ರಾತ್ರಿ ಊಟ, ಹಲ್ಲುಜ್ಜುವುದು 40 ನಿಮಿಷ. ಇಷ್ಟಕ್ಕೇ ಎರಡು ಗಂಟೆ 40 ನಿಮಿಷ ಆಯಿತು. ಪ್ರತಿ ಸಲವೂ ಬಾಯಿ ಮುಕ್ಕಳಿಸಿ ತಕ್ಷಣ ಹಾಕಿಕೊಂಡರೆ ಸರಿ. ಆದರೆ 11ಕ್ಕೆ ತೆಗೆದದ್ದು ಊಟದವರೆಗೂ ಜೇಬಿನಲ್ಲೇ ಇರುತ್ತದೆ, 4ಕ್ಕೆ ತೆಗೆದದ್ದು ಆರೂವರೆಯ ಟೀವರೆಗೂ ಡಬ್ಬಿಯಲ್ಲೇ ಇರುತ್ತದೆ. ಅಲ್ಲಿಗೆ ಏಳು ಗಂಟೆ ಹೊರಗೆ, 17 ಗಂಟೆ ಒಳಗೆ. ಕೇಳಿದರೆ ಅವರು "ಊಟ ತಿಂಡಿಗೆ ಬಿಟ್ಟರೆ ಯಾವಾಗಲೂ ಹಾಕಿಕೊಂಡೇ ಇರುತ್ತೇನೆ" ಎನ್ನುತ್ತಾರೆ, ಅದು ಸುಳ್ಳೆಂದು ಅವರಿಗೂ ಅನ್ನಿಸುವುದಿಲ್ಲ. 10 ದಿನಕ್ಕೆ ಬದಲಿಸಬೇಕಿದ್ದ ಟ್ರೇಯನ್ನು ಇದರಿಂದಾಗಿ 14 ದಿನ ಹಾಕಬೇಕಾಗಿ ಬಂದರೆ, 30 ಟ್ರೇಗೆ 300 ದಿನದ ಬದಲು 420 ದಿನ. ನಾಲ್ಕು ತಿಂಗಳು ಹೋದದ್ದು ಟೀ ಕುಡಿದ ಹೊತ್ತಿನಿಂದಲ್ಲ, ಕುಡಿದ ಮೇಲೆ ಹಾಕಿಕೊಳ್ಳದ ಹೊತ್ತಿನಿಂದ. ಟ್ರೇ ಹಾಕಿಕೊಂಡೇ ಬಿಸಿ ಕಾಫಿ ಕುಡಿಯುವುದು ಪರಿಹಾರವಲ್ಲ. ಶಾಖಕ್ಕೆ ಪ್ಲಾಸ್ಟಿಕ್ ಆಕಾರ ಕೆಡುತ್ತದೆ, ಬಣ್ಣವೂ ಹಿಡಿಯುತ್ತದೆ, ಸಿಹಿ ಹಲ್ಲಿಗೆ ಅಂಟಿಕೊಂಡು ಹುಳುಕಿಗೆ ದಾರಿ ಮಾಡುತ್ತದೆ. ಎಲೆ ಅಡಿಕೆ ಹಾಕುವವರಿಗಂತೂ ಈ ಚಿಕಿತ್ಸೆಗೂ ಆ ಚಟಕ್ಕೂ ಒಂದೇ ಬಾಯಲ್ಲಿ ಜಾಗವಿಲ್ಲ.

ಊರಿನ ದೂರವೂ ತಿಂಗಳುಗಳನ್ನು ಕೂಡಿಸುತ್ತದೆ. ಚಿಕ್ಕ ಊರಿನ ಕ್ಲಿನಿಕ್ಕುಗಳಿಗೆ ವಕ್ರದಂತ ತಜ್ಞರು ತಿಂಗಳಿಗೆ ಒಂದೋ ಎರಡೋ ದಿನ ಬಂದು ಹೋಗುವುದು ತಮಿಳುನಾಡಿನಲ್ಲೂ ಕರ್ನಾಟಕದಲ್ಲೂ ಇರುವ ಪದ್ಧತಿ. ಕಾಂಗೇಯಂನಂಥ ಊರಿನಿಂದ ತಿರುಪ್ಪೂರಿಗೋ ಕೊಯಮತ್ತೂರಿಗೋ ಹೋಗುವುದಾದರೆ ಕೆಲಸ ಬಿಟ್ಟು ಹೋಗಬೇಕು. ತಾಳವಾಡಿಯ ಕನ್ನಡಿಗರು ಚಾಮರಾಜನಗರಕ್ಕೆ ಘಾಟಿ ಇಳಿಯದೆ ಹೋಗಬಹುದಾದರೂ ಬಸ್ಸು ಸಮಯ ನೋಡಿಕೊಂಡೇ ಹೊರಡಬೇಕು. ತಜ್ಞರು ಬರುವ ದಿನವೇ ಮನೆಯಲ್ಲಿ ಗೃಹಪ್ರವೇಶವೋ ಮಗಳ ಪರೀಕ್ಷೆಯೋ ಬಂದರೆ ಒಂದು ಭೇಟಿ ತಪ್ಪುತ್ತದೆ, ಅದರೊಂದಿಗೆ ಒಂದು ತಿಂಗಳು. ಆ ಭೇಟಿಯಲ್ಲೇ ಹಲ್ಲುಗಳ ನಡುವೆ 0.2 ಮಿ.ಮೀ. ಉಜ್ಜಿ ಸಂದು ಮಾಡಬೇಕಿದ್ದರೆ, ಸಂದು ಇಲ್ಲದೆ ಹಲ್ಲುಗಳು ಒಂದಕ್ಕೊಂದು ಸಿಕ್ಕಿಕೊಂಡು ಟ್ರೇ ಎಷ್ಟು ನೂಕಿದರೂ ಕದಲವು.

ನೀರಿನ ವಿಷಯವೂ ಇದೆ. ಧರ್ಮಪುರಿ, ಕೃಷ್ಣಗಿರಿಯಿಂದ ನಮ್ಮ ಪಾವಗಡ, ಬಾಗೇಪಲ್ಲಿ, ಮುಂಡರಗಿವರೆಗೆ ಫ್ಲೋರೈಡ್ ಹೆಚ್ಚಿರುವ ಬೋರ್‌ವೆಲ್ ನೀರು ಕುಡಿದು ಬೆಳೆದವರ ಹಲ್ಲಿನ ಮೇಲೆ ಕಂದು ಕಲೆಗಳಿರುವುದು ಗೊತ್ತಿದ್ದದ್ದೇ. ಗುಬುಟು ಅಂಟಿಸಲು ಅಂಥ ಹಲ್ಲಿನ ಎನಾಮಲ್ಲಿಗೆ ಆಮ್ಲ ಹಚ್ಚಿ ಒರಟು ಮಾಡುವುದು ಕಷ್ಟ, ಅಂಟಿಸಿದ್ದೂ ಸುಲಭವಾಗಿ ಕಳಚಿಬೀಳುತ್ತದೆ. ಗುಬುಟು ಬಿದ್ದ ಹಲ್ಲಿಗೆ ಟ್ರೇಯ ಹಿಡಿತವಿಲ್ಲ. ಮತ್ತೆ ಅಂಟಿಸುವವರೆಗೆ ಆ ಹಲ್ಲು ನಿಂತಲ್ಲೇ.

ನಡುವೆ ಬಾಯಿಯೇ ಬದಲಾದರೂ ಯೋಜನೆ ಕೆಡುತ್ತದೆ. ದವಡೆಹಲ್ಲಿಗೆ ರೂಟ್ ಕೆನಾಲ್ ಮಾಡಿಸಿ ಕ್ಯಾಪ್ ಹಾಕಿಸಿದರೆ ಹಲ್ಲಿನ ಆಕಾರ ಬೇರೆಯಾಯಿತು, ಮುಂದಿನ ಇಪ್ಪತ್ತು ಟ್ರೇಯೂ ಅದರ ಮೇಲೆ ಕೂರವು. ವಸಡಿನ ರೋಗವಿದ್ದರೆ, ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದಿದ್ದರೆ ಚಿಕಿತ್ಸೆಯನ್ನೇ ನಿಲ್ಲಿಸಿ ಮೊದಲು ಅದನ್ನು ಸರಿಪಡಿಸಬೇಕು. ಮೂಳೆ ಸವೆತಕ್ಕೆ ಕೊಡುವ ಕೆಲವು ಔಷಧಗಳು ಮೂಳೆ ಕರಗುವುದನ್ನೇ ತಡೆಯುತ್ತವಾದ್ದರಿಂದ ಹಲ್ಲು ಸರಿಯುವುದೂ ತಡವಾಗುತ್ತದೆ. ಐವತ್ತು ದಾಟಿದವರು ಚಿಕಿತ್ಸೆಗೆ ಮುಂಚೆಯೇ ತಮ್ಮ ಮಾತ್ರೆಗಳ ಚೀಟಿ ತೋರಿಸಬೇಕು.

ನಮ್ಮ ದಕ್ಷಿಣದವರಲ್ಲಿ ಮೇಲಿನ ಕೆಳಗಿನ ಎರಡೂ ಸಾಲು ಮುಂದಕ್ಕೆ ಉಬ್ಬಿರುವುದು ಸಾಮಾನ್ಯ. ಇದನ್ನು ಒಳಕ್ಕೆ ತರಲು ಹಲವು ಸಲ ಕೋರೆಯ ಹಿಂದಿನ ಒಟ್ಟು ನಾಲ್ಕು ಹಲ್ಲು ಕೀಳಬೇಕಾಗುತ್ತದೆ. ಒಂದೊಂದು ಕಡೆಯೂ ಏಳು ಮಿಲಿಮೀಟರಿನಷ್ಟು ಖಾಲಿ ಜಾಗ. ಅಷ್ಟು ದೂರ ಹಲ್ಲು ಬೇರುಸಮೇತ ನೆಟ್ಟಗೆ ಸರಿಯಬೇಕು. ಪ್ಲಾಸ್ಟಿಕ್ಕಿಗೆ ಕಷ್ಟವಾಗುವುದು ಇದೇ. ಅದು ಹಲ್ಲಿನ ತಲೆಯನ್ನು ಹಿಡಿಯುತ್ತದೆಯೇ ಹೊರತು ಬೇರನ್ನಲ್ಲ, ಹಾಗಾಗಿ ಹಲ್ಲು ಖಾಲಿ ಜಾಗದೊಳಕ್ಕೆ ವಾಲುತ್ತದೆ. ವಾಲಿದ್ದನ್ನು ನೆಟ್ಟಗೆ ಮಾಡಲು ಮತ್ತೆ ಟ್ರೇ, ಕೆಲವೊಮ್ಮೆ ಕೊನೆಯ ಕೆಲವು ತಿಂಗಳು ತಂತಿ ಕ್ಲಿಪ್ಪೇ ಬೇಕು. ಹಲ್ಲು ಕಿತ್ತ ಕೇಸಿಗೆ ಒಂದು ವರ್ಷದ ಭರವಸೆ ಕೊಟ್ಟರೆ ಎರಡನೆಯ ಅಭಿಪ್ರಾಯ ಕೇಳುವುದು ಒಳ್ಳೆಯದು. ಮುಂದಿನ ಸಾಲು ಚೆಂದವಾದ ಮೇಲೂ ಕೆಲಸ ಮುಗಿಯದಿರಬಹುದು. ತಿಂಗಳುಗಟ್ಟಲೆ ಎರಡು ಪದರ ಪ್ಲಾಸ್ಟಿಕ್ಕನ್ನು ಕಚ್ಚಿ ದವಡೆಹಲ್ಲುಗಳು ಒಂದಿಷ್ಟು ಒಳಗೆ ಇಳಿದು, ಹಿಂಬದಿಯಲ್ಲಿ ಮೇಲಿನದೂ ಕೆಳಗಿನದೂ ಒಂದಕ್ಕೊಂದು ತಾಗುವುದೇ ಇಲ್ಲ. ಕನ್ನಡಿಯಲ್ಲಿ ಎಲ್ಲ ಸರಿ, ಮುದ್ದೆ ಬಿಟ್ಟು ಚಪಾತಿ ಅಗಿಯಲು ಕೂತಾಗ ಗೊತ್ತಾಗುತ್ತದೆ. ಅವು ಮತ್ತೆ ಕಚ್ಚಿಗೆ ಬರಲು ಇನ್ನೂ ಕೆಲವು ತಿಂಗಳು ಬೇಕು.

ಹಾಗೆಂದು ತಂತಿ ಕ್ಲಿಪ್ ಬೇಗ ಮುಗಿಯುತ್ತದೆ ಎಂದಲ್ಲ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟವಾದ ಲೆಕ್ಕದಲ್ಲಿ ಅದಕ್ಕೂ ಸರಾಸರಿ 20 ತಿಂಗಳು. ಕ್ಲಿಪ್ ಹಾಕಿಸಿಕೊಂಡವರು ಅಷ್ಟಾಗಿ ಗೊಣಗದಿರಲು ಕಾರಣ, ಅವರಿಗೆ ಮೊದಲ ದಿನವೇ "ಒಂದೂವರೆ ಎರಡು ವರ್ಷ" ಎಂದು ಅಂದಾಜಿನಲ್ಲಿ ಹೇಳಿರುತ್ತಾರೆ. ಅಲೈನರಿನಲ್ಲಿ ಟ್ರೇಗೆ ನಂಬರ್ ಇರುವುದರಿಂದ ಅಂದಾಜು ಕರಾರಿನಂತೆ ಕಾಣುತ್ತದೆ. ಇಲ್ಲಿ ನನ್ನ ತಕರಾರು ಇರುವುದು ತಡವಾದದ್ದರ ಬಗ್ಗೆ ಅಲ್ಲ, ತಡವಾಗಬಹುದೆಂದು ಮೊದಲೇ ಹೇಳದಿರುವುದರ ಬಗ್ಗೆ. ಹೆಚ್ಚುವರಿ ಟ್ರೇ ತರಿಸುವ ಡಾಕ್ಟರು ಬಹುಪಾಲು ತಮ್ಮ ಕೆಲಸ ನಿಷ್ಠೆಯಿಂದ ಮಾಡುತ್ತಿರುತ್ತಾರೆ. 30ನೇ ಟ್ರೇ ಮುಗಿಯಿತೆಂದು, ಕೋರೆ ಇನ್ನೂ ಸೊಟ್ಟ ಇದ್ದರೂ ಕೈತೊಳೆದುಕೊಳ್ಳುವವರೇ ವಾಯಿದೆಗೆ ಸರಿಯಾಗಿ ಮುಗಿಸುವವರು.

ಡಾಕ್ಟರೇ ಇಲ್ಲದೆ ಅಲೈನರ್ ತರಿಸಿಕೊಂಡರೆ ಏನಾಗಬಹುದೆಂಬುದಕ್ಕೂ ಉದಾಹರಣೆಯಿದೆ. ಅಂಚೆಯಲ್ಲಿ ಟ್ರೇ ಕಳಿಸುತ್ತಿದ್ದ ಅಮೆರಿಕದ ಸ್ಮೈಲ್ ಡೈರೆಕ್ಟ್ ಕ್ಲಬ್ 2023ರ ಸೆಪ್ಟೆಂಬರಿನಲ್ಲಿ ದಿವಾಳಿಯ ಅರ್ಜಿ ಹಾಕಿ ಡಿಸೆಂಬರಿನಲ್ಲಿ ಬಾಗಿಲು ಮುಚ್ಚಿತು. ಅರ್ಧ ದಾರಿಯಲ್ಲಿದ್ದವರು ಉಳಿದ ಚಿಕಿತ್ಸೆಗೆ ಬೇರೆ ಡಾಕ್ಟರನ್ನು ಹುಡುಕಬೇಕಾಯಿತು. ಹಲ್ಲು ಸರಿಸುವವರು ನಿಮ್ಮ ಬಾಯನ್ನು ಕಣ್ಣಾರೆ ನೋಡುವವರಾಗಿರಬೇಕು, ಎಕ್ಸ್‌ರೇ ತೆಗೆದು ಬೇರು, ಮೂಳೆ ಪರೀಕ್ಷಿಸಿದವರಾಗಿರಬೇಕು. ಬಿ.ಡಿ.ಎಸ್. ಆದ ಮೇಲೆ ಮೂರು ವರ್ಷ ಓದಿ ವಕ್ರದಂತ ವಿಷಯದಲ್ಲಿ ಎಂ.ಡಿ.ಎಸ್. ಪಡೆದವರೇ ಯೋಜನೆ ಮಾಡುತ್ತಿದ್ದಾರೆಯೇ ಎಂದು ಕೇಳಲು ಸಂಕೋಚ ಬೇಡ.

ಟ್ರೇ ಮುಗಿದ ಮೇಲೆ, ಸರಿದ ಹಲ್ಲನ್ನು ಅಲ್ಲೇ ಹಿಡಿದಿಡುವ ರಿಟೇನರ್ ಇದೆ. ಹೊಸ ಜಾಗದಲ್ಲಿ ಮೂಳೆ, ನಾರು ಗಟ್ಟಿಯಾಗುವವರೆಗೆ, ಆಮೇಲೂ ರಾತ್ರಿ ಹೊತ್ತು, ಅದನ್ನು ಹಾಕಿಕೊಳ್ಳಬೇಕು. ಇದನ್ನು ತಡದ ಲೆಕ್ಕಕ್ಕೆ ಸೇರಿಸಬೇಡಿ. ಇದನ್ನು ಬಿಟ್ಟವರೇ ಕೆಲವು ವರ್ಷದ ಮೇಲೆ ಮತ್ತೆ ಮೊದಲನೇ ಟ್ರೇಯಿಂದ ಶುರುಮಾಡುವವರು.

ಹಾಗಾಗಿ ಚಿಕಿತ್ಸೆಗೆ ಒಪ್ಪುವ ದಿನ ಒಂದೇ ಸಂಖ್ಯೆ ಕೇಳಿ ಎದ್ದು ಬರಬೇಡಿ. ಎರಡು ಕೇಳಿ. ಎಲ್ಲವೂ ನೆಟ್ಟಗೆ ನಡೆದರೆ ಎಷ್ಟು ತಿಂಗಳು? ಒಂದು ರಿಫೈನ್‌ಮೆಂಟ್ ಬಂದರೆ ಎಷ್ಟು? ಹೆಚ್ಚುವರಿ ಟ್ರೇಗೆ ಬೇರೆ ದುಡ್ಡು ಕೊಡಬೇಕೇ, ಎಷ್ಟು ಸಲದವರೆಗೆ ಅದು ಒಪ್ಪಂದದಲ್ಲಿ ಸೇರಿದೆ ಎಂಬುದನ್ನು ಬರೆಸಿಕೊಳ್ಳಿ. ಟ್ರೇ ಕಳೆದುಹೋದರೆ, ನೀವು ಊರು ಬದಲಿಸಿದರೆ ಏನು ಗತಿ ಎಂದೂ ಕೇಳಿ. ಮದುವೆ, ಕಾಲೇಜು, ವಿದೇಶದ ಕೆಲಸ ಏನೇ ಇರಲಿ, ದಿನಾಂಕ ಇಟ್ಟುಕೊಳ್ಳುವುದು ಆ ಎರಡನೆಯ ಸಂಖ್ಯೆಯ ಮೇಲೆ. ಮೊದಲನೆಯದು ಕಂಪ್ಯೂಟರ್ ಕೊಟ್ಟದ್ದು, ಎರಡನೆಯದು ನಿಮ್ಮ ದವಡೆಗೆ ಬೇಕಾದದ್ದು.